ಬೋರ್ಡಿನ ಮೇಲೆ 36 ಸೀಟು

ಬಿ.ಎ. ತರಗತಿಯ ಅಮೆರಿಕದ ಇತಿಹಾಸದ ಪುಸ್ತಕದಲ್ಲಿ, ಅಲಬಾಮ ರಾಜ್ಯದ ಮಾಂಟ್ಗೊಮರಿ ಊರಿನ ಕಪ್ಪು ಜನ ನಡೆಸಿದ ಬಸ್ ಬಹಿಷ್ಕಾರಕ್ಕೆ ಇದ್ದದ್ದು ಒಂದೇ ಪ್ಯಾರಾ. ನಮ್ಮ ಮೇಷ್ಟ್ರು ಅದಕ್ಕೆ ಮೂರು ಪೀರಿಯಡ್ ಕೊಟ್ಟರು. ಮೊದಲ ದಿನ ಬೋರ್ಡಿನ ಮೇಲೆ ಬಸ್ಸಿನ ನಕ್ಷೆ ಬರೆದರು. ಒಟ್ಟು 36 ಸೀಟು: ಮುಂದಿನ 10 ಬಿಳಿಯರಿಗೆ, ಹಿಂದಿನ 10 ಕಪ್ಪು ಜನರಿಗೆ, ನಡುವಿನ 16 ಡ್ರೈವರ್ ಹೇಳಿದಂತೆ. ಎಷ್ಟೋ ಸಲ ಕಪ್ಪು ಜನ ಮುಂದಿನ ಬಾಗಿಲಲ್ಲಿ 10 ಸೆಂಟ್ ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಗೆ ಹೋಗಿ ಹತ್ತಬೇಕಿತ್ತು. ಅಷ್ಟರೊಳಗೆ ಬಸ್ ಹೊರಟೇಬಿಡುವುದೂ ಇತ್ತು.

1955ರ ಡಿಸೆಂಬರ್ 1ರ ಸಂಜೆ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಕೂತದ್ದು ಆ ನಡುವಿನ ಭಾಗದ ಮೊದಲ ಸಾಲಿನಲ್ಲಿ. ಸೀಟಿಲ್ಲದೆ ನಿಂತಿದ್ದ ಬಿಳಿಯ ಒಬ್ಬನೇ. ಆದರೆ ಬಿಳಿಯರು ಕೂರುವ ಸಾಲಿನಲ್ಲಿ ಕಪ್ಪು ಜನ ಕೂರುವಂತಿಲ್ಲ. ಆ ಒಬ್ಬನಿಗಾಗಿ ನಾಲ್ವರೂ ಏಳಬೇಕು. ಮೂವರು ಎದ್ದರು. ಪಾರ್ಕ್ಸ್ ಕಿಟಕಿಯ ಕಡೆಗೆ ಸರಿದು ಕೂತರು. ಪೊಲೀಸರು ಅವರನ್ನು ಬಂಧಿಸಿದರು. ದಣಿದಿದ್ದರು, ಅದಕ್ಕೇ ಏಳಲಿಲ್ಲ ಎಂದು ಯಾರಾದರೂ ಬರೆದರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಿದ್ದರು. ಆಕೆ 1943ರಲ್ಲೇ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಸಂಸ್ಥೆಯಾದ ಎನ್‌ಎಎಸಿಪಿ ಸೇರಿ ಊರಿನ ಶಾಖೆಗೆ ಕಾರ್ಯದರ್ಶಿಯಾಗಿ ದುಡಿದವರು. ಅದೇ 1955ರ ಮಾರ್ಚ್‌ನಲ್ಲಿ 15 ವರ್ಷದ ಹುಡುಗಿ ಕ್ಲೌಡೆಟ್ ಕಾಲ್ವಿನ್ ಕೂಡ ಸೀಟು ಬಿಡದೆ ಬಂಧನಕ್ಕೊಳಗಾಗಿದ್ದಳು.

ಇನ್ನೊಬ್ಬರ ಹೆಸರನ್ನು ಪುಸ್ತಕ ಹೇಳಿಯೇ ಇರಲಿಲ್ಲ: ಜೋ ಆನ್ ರಾಬಿನ್ಸನ್, ಅಲಬಾಮ ಸ್ಟೇಟ್ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ. ಬಸ್ ಬಹಿಷ್ಕಾರದ ಮಾತು ಎದ್ದಿದೆ ಎಂದು 1954ರ ಮೇ 21ರಂದೇ ಮೇಯರ್‌ಗೆ ಪತ್ರ ಬರೆದಿದ್ದವರು ಅವರು. ಪಾರ್ಕ್ಸ್ ಬಂಧನದ ರಾತ್ರಿ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ, ಒಂದು ಹಾಳೆಗೆ ಮೂರರಂತೆ, ಹತ್ತಾರು ಸಾವಿರ ಕರಪತ್ರ ತೆಗೆದರು. ಕತ್ತರಿಸಿ ಕಟ್ಟು ಕಟ್ಟುವ ಹೊತ್ತಿಗೆ ಬೆಳಗಿನ ಜಾವ. ಸೋಮವಾರ ಬಸ್ ಹತ್ತಬೇಡಿ ಎಂಬುದಷ್ಟೇ ಕರೆ. ಡಿಸೆಂಬರ್ 5ರ ಆ ಸೋಮವಾರ ಬಸ್‌ಗಳು ಹೆಚ್ಚುಕಡಿಮೆ ಖಾಲಿ ಓಡಿದವು. ಬಹಿಷ್ಕಾರವನ್ನು ಮುಂದುವರಿಸಲು ಅವತ್ತೇ ಹುಟ್ಟಿದ ಸಂಘಕ್ಕೆ 26ರ ಹರೆಯದ ಮಾರ್ಟಿನ್ ಲೂಥರ್ ಕಿಂಗ್ ಅಧ್ಯಕ್ಷರಾದರು.

ಎರಡನೇ ದಿನ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: ಮಂಗಳವಾರದಿಂದ ಇವರೆಲ್ಲ ಕೆಲಸಕ್ಕೆ ಹೋದದ್ದು ಹೇಗೆ? ನನ್ನ ಮಟ್ಟಿಗೆ ಈ ಚಳವಳಿಯ ಜೀವ ಇರುವುದೇ ಇಲ್ಲಿ. ಮೊದಲು ಕಪ್ಪು ಜನರ ಟ್ಯಾಕ್ಸಿಗಳು ಬಸ್ಸಿನ ದರಕ್ಕೇ, 10 ಸೆಂಟ್‌ಗೇ ಕರೆದೊಯ್ದವು. ಟ್ಯಾಕ್ಸಿಗೆ ಕನಿಷ್ಠ 45 ಸೆಂಟ್ ಎಂಬ ಕಾನೂನನ್ನು ನಗರಾಡಳಿತ ಮುಂದೆ ಹಿಡಿಯಿತು. ಆಗ 1953ರಲ್ಲಿ ಲೂಸಿಯಾನ ರಾಜ್ಯದ ಬ್ಯಾಟನ್ ರೂಜ್‌ನಲ್ಲಿ ಇಂಥದೇ ಹೋರಾಟ ನಡೆಸಿದ್ದ ಪಾದ್ರಿ ಟಿ. ಜೆ. ಜೆಮಿಸನ್ ಅವರ ಸಲಹೆ ಕೇಳಿ ಸ್ವಂತ ಕಾರುಗಳ ಸರದಿ ಕಟ್ಟಿದರು. ಸುಮಾರು 300 ಕಾರು. ಬೆಳಗ್ಗೆ ಜನರನ್ನು ಹತ್ತಿಸಲು 48 ಜಾಗ, ಸಂಜೆ ವಾಪಸು ಕರೆತರಲು 42. ಮನೆಗೆಲಸದ ಹೆಂಗಸರು ಹೊರಡುವ ಹೊತ್ತು ನೋಡಿಕೊಂಡು ಗಾಡಿ ಬಿಡಬೇಕು. ಖರ್ಚಿಗೆ ಚರ್ಚ್ ಸಭೆಗಳಲ್ಲಿ ಚಂದಾ. ಜಾರ್ಜಿಯಾ ಗಿಲ್ಮೋರ್ ಎಂಬಾಕೆಯ ಗುಂಪು ಊಟ, ಪೈ ಮಾರಿ ಹಣ ತಂದುಕೊಡುತ್ತಿತ್ತು.

ಏಟು ಬಿದ್ದದ್ದೂ ಈ ಗಾಡಿಗಳ ಮೇಲೇ. ಪೊಲೀಸರು ಸಣ್ಣಪುಟ್ಟದಕ್ಕೂ ದಂಡ ಹಾಕಿದರು. ಗಂಟೆಗೆ 25 ಮೈಲಿ ವೇಗದ ಮಿತಿಯಿದ್ದ ರಸ್ತೆಯಲ್ಲಿ 30ರಲ್ಲಿ ಹೋದರೆಂದು ಕಿಂಗ್‌ರನ್ನೇ ಹಿಡಿದರು. ಚರ್ಚ್‌ಗಳ ಹೆಸರಿನ ಸ್ಟೇಷನ್ ವ್ಯಾಗನ್‌ಗಳ ವಿಮೆ ರದ್ದಾಯಿತು. ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಕೊನೆಗೆ ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ತರಬೇಕಾಯಿತು.

ಬಸ್ಸಿನಲ್ಲಿ ಬಣ್ಣ ನೋಡಿ ಕೂರಿಸುವ ಕಾನೂನು ಬಿದ್ದದ್ದು ಪಾರ್ಕ್ಸ್ ಮೊಕದ್ದಮೆಯಿಂದಲ್ಲ. ಪರೀಕ್ಷೆಯಲ್ಲಿ ಹೆಚ್ಚಿನವರು ತಪ್ಪುತ್ತಿದ್ದದ್ದು ಇಲ್ಲೇ. ಪಾರ್ಕ್ಸ್ ಅವರ ಮೇಲ್ಮನವಿ ಅಲಬಾಮದ ಕೋರ್ಟುಗಳಲ್ಲೇ ಕೊಳೆಯುತ್ತದೆಂದು ವಕೀಲ ಫ್ರೆಡ್ ಗ್ರೇ 1956ರ ಫೆಬ್ರವರಿ 1ರಂದು ಫೆಡರಲ್ ಕೋರ್ಟಿನಲ್ಲಿ ಬೇರೆಯೇ ದಾವೆ ಹೂಡಿದರು. ಆರೀಲಿಯಾ ಬ್ರೌಡರ್ ಮೊದಲ ಹೆಸರು. ಕಾಲ್ವಿನ್ ಕೂಡ ವಾದಿ. ಜೂನ್ 5ರಂದು 2-1 ಬಹುಮತದಲ್ಲಿ ಗೆದ್ದರು. ನವೆಂಬರ್ 13ರಂದು ಊರಿನ ಕೋರ್ಟು ಕಾರು ಸರದಿಗೆ ತಡೆಯಾಜ್ಞೆ ಕೊಡಲು ಕೂತಿದ್ದಾಗಲೇ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿದ ಸುದ್ದಿ ಬಂತು. ಆದೇಶದ ಕಾಗದ ಬಂದದ್ದು ಡಿಸೆಂಬರ್ 20ಕ್ಕೆ. ತಡೆಯಾಜ್ಞೆಯಿಂದ ಕಾರು ಸರದಿ ನಿಂತಿತ್ತು. ಅಷ್ಟು ದಿನವೂ ಜನ ನಡೆದರು.

381 ದಿನ. ಡಿಸೆಂಬರ್ 21ರ ಬೆಳಗ್ಗೆ ಕಿಂಗ್ ಬಸ್ ಹತ್ತಿ ಟಿಕೆಟ್ ಎಷ್ಟು ಎಂದು ಕೇಳಬೇಕಾಯಿತು. ಆ ನಡುವೆ ದರ 10ರಿಂದ 15 ಸೆಂಟ್ ಆಗಿತ್ತು.