ಮಹಡಿ ಲೆಕ್ಕ ಬಿಡಿ, ಜಾಗ ಯಾರ ಹೆಸರಲ್ಲಿ ಉಳಿಯುತ್ತೆ ಅಂತ ಕೇಳಿ

ಮುಚ್ಚಿಹೋದ ಬಸ್ ಡಿಪೋ, ಮಕ್ಕಳಿಲ್ಲದೆ ಬೀಗ ಬಿದ್ದ ಶಾಲೆ, ಇಲ್ಲಾ ಸರ್ಕಾರವೇ ಐವತ್ತು ವರ್ಷದ ಹಿಂದೆ ಕಟ್ಟಿ ಈಗ ತಾರಸಿ ಸೋರುತ್ತಿರುವ ವಸತಿ ಬ್ಲಾಕು. ನಗರದೊಳಗಿನ ಇಂಥ ಜಾಗದ ಗೇಟಿಗೆ ‘ಇಲ್ಲಿ ಹೊಸ ಮನೆಗಳು ಬರಲಿವೆ, ಆಕ್ಷೇಪಣೆ ಇದ್ದರೆ ತಿಳಿಸಿ’ ಅಂತ ಒಂದು ನೋಟಿಸ್ ಅಂಟಿಸಿದರೆ ಸಾಕು, ಅಲ್ಲಿಯವರೆಗೆ ಒಬ್ಬರ ಮುಖ ಒಬ್ಬರು ನೋಡದ ನೆರೆಹೊರೆಯವರೆಲ್ಲ ಒಂದು ಹಾಲ್‌ನಲ್ಲಿ ಸೇರಿ ಜಗಳಕ್ಕೆ ನಿಲ್ಲುತ್ತಾರೆ. ಜಗಳ ಆಡಲಿ, ತಪ್ಪಿಲ್ಲ. ಯಾವುದರ ಬಗ್ಗೆ ಆಡುತ್ತಾರೆ ಅನ್ನೋದರ ಮೇಲೆ ನನ್ನ ತಕರಾರು.

ಇಂಥ ಸಭೆಯಲ್ಲಿ ಮೊದಲ ಪ್ರಶ್ನೆ ಪಾರ್ಕಿಂಗ್. ಬೇಕಾದರೆ ಬೆಟ್ ಕಟ್ಟಿ. ಎರಡನೆಯದು ಎಷ್ಟು ಮಹಡಿ. ಮೂರನೆಯದು ನಮ್ಮ ಮನೆಗೆ ಬಿಸಿಲು ಬರುತ್ತಾ ಇಲ್ವಾ. ಅಷ್ಟರಲ್ಲಿ ಟೈಮ್ ಮುಗಿದು, ಮೈಕ್ ಹಿಡಿದವರು ‘ನಿಮ್ಮ ಅಭಿಪ್ರಾಯ ದಾಖಲಿಸಿಕೊಂಡಿದ್ದೇವೆ’ ಅಂತಾರೆ. ಗೋಡೆಗೆ ಒಂದು ದೊಡ್ಡ ಚಿತ್ರ ಹಾಕಿರುತ್ತಾರೆ ನೋಡಿ, ಅದನ್ನು ಹತ್ತಿರ ಹೋಗಿ ನೋಡೋದು ನನಗೊಂದು ಚಟ. ಕಟ್ಟಡ ಇನ್ನೂ ಕಾಗದದ ಮೇಲಿದೆ, ಆದರೆ ಅದರ ಮುಂದಿನ ಮರಗಳು ಆಗಲೇ ಮೂರನೇ ಮಹಡಿ ಮುಟ್ಟಿವೆ. ಬೆಂಚಿನ ಮೇಲೆ ಒಬ್ಬ ಅಜ್ಜ, ಬಲೂನು ಹಿಡಿದ ಮಗು, ಸೈಕಲ್ ಮೇಲೆ ಹುಡುಗಿ. ರಸ್ತೆಯಲ್ಲಿ ಎರಡೇ ಕಾರು. ಕಸದ ಡಬ್ಬಿ ಇಲ್ಲ, ಬಟ್ಟೆ ಒಣಗಿಸೋ ತಂತಿ ಇಲ್ಲ, ನೀರಿನ ಟ್ಯಾಂಕ್ ಇಲ್ಲ. ಕೆಳಗೆ ಮೂಲೆಯಲ್ಲಿ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ‘ಚಿತ್ರ ಕೇವಲ ಕಲ್ಪನೆ, ಅಂತಿಮ ರೂಪ ಬದಲಾಗಬಹುದು’ ಅಂತ ಒಂದು ಸಾಲು. ಇಡೀ ಹಾಲ್ ಮರಗಳ ಬಗ್ಗೆ ಮಾತಾಡುತ್ತೆ. ಆ ಸಾಲಿನ ಬಗ್ಗೆ ಯಾರೂ ಕೇಳಲ್ಲ.

ವಿರೋಧ ಮಾಡುವವರೆಲ್ಲ ಸ್ವಾರ್ಥಿಗಳು ಅಂದುಬಿಡೋದು ಸುಲಭ, ಆದರೆ ನಾನು ಹಾಗೆ ಅನ್ನಲ್ಲ. ಹಳೇ ಒಳಚರಂಡಿ ಪೈಪಿರುವ ಬೀದಿಗೆ ಮುನ್ನೂರು ಮನೆ ಸೇರಿದರೆ ಮಳೆಗಾಲದಲ್ಲಿ ಏನಾಗುತ್ತೆ ಅಂತ ಕೇಳುವವರು ಸರಿಯಾಗೇ ಕೇಳುತ್ತಿದ್ದಾರೆ. ಹೊಸ ಕಟ್ಟಡ ಬಂದ ಮೇಲೆ ಪಕ್ಕದ ಬೀದಿಯಲ್ಲೂ ಬಾಡಿಗೆ ಏರಿ, ನಾವೇ ಮನೆ ಖಾಲಿ ಮಾಡಬೇಕಾಗುತ್ತೇನೋ ಅನ್ನುವ ಬಾಡಿಗೆದಾರರ ಭಯವೂ ಸುಳ್ಳಲ್ಲ.

ಆದರೆ ಹಾಲ್‌ನಲ್ಲಿ ಮಾತಾಡುವವರು ಯಾರು ಅಂತಲೂ ನೋಡಬೇಕು, ಅಲ್ವಾ? ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮ್ಯಾಸಚೂಸೆಟ್ಸ್ ರಾಜ್ಯದ ಸುಮಾರು ನೂರು ಊರುಗಳ ಇಂಥ ಸಭೆಗಳ ನಡಾವಳಿಗಳನ್ನು ಕೂತು ಓದಿದರು. ಮಾತಾಡಿದವರಲ್ಲಿ ವಯಸ್ಸಾದವರು, ಗಂಡಸರು, ಸ್ವಂತ ಮನೆ ಇದ್ದವರ ಪಾಲು ಊರಿನ ಜನಸಂಖ್ಯೆಯಲ್ಲಿ ಅವರಿಗಿರುವ ಪಾಲಿಗಿಂತ ಜಾಸ್ತಿ ಇತ್ತು. ಹೊಸ ಮನೆ ಬರಲಿ ಅಂದವರು ಶೇ 15ರಷ್ಟು ಮಾತ್ರ. ಇದರಲ್ಲಿ ಆಶ್ಚರ್ಯ ಏನಿಲ್ಲ. ಆ ಮನೆಗಳಿಗೆ ಮುಂದೆ ಬರುವವರು ಇವತ್ತು ಇನ್ನೆಲ್ಲೋ ಇದ್ದಾರೆ, ಗೇಟಿನ ನೋಟಿಸ್ ಅವರ ಕಣ್ಣಿಗೇ ಬೀಳಲ್ಲ. ಸಂಜೆ ಆರಕ್ಕೆ ಸಭೆ ಇಟ್ಟರೆ ಎರಡನೇ ಪಾಳಿಯವರು, ಕೈಗೂಸು ಇರುವವರು ಬರೋದು ಹೇಗೆ?

ಬರ್ಲಿನ್‌ನ ಟೆಂಪಲ್‌ಹೋಫ್ ಕಥೆ ನನ್ನನ್ನು ಬಹಳ ಕಾಡಿದೆ. ನಗರದೊಳಗಿದ್ದ ಆ ವಿಮಾನ ನಿಲ್ದಾಣ 2008ರಲ್ಲಿ ಮುಚ್ಚಿತು. 2010ರಲ್ಲಿ ಸುಮಾರು 300 ಹೆಕ್ಟೇರಿನ ಬಯಲನ್ನು ಜನರಿಗೆ ಬಿಟ್ಟುಕೊಟ್ಟರು. ರನ್‌ವೇ ಮೇಲೆ ಸ್ಕೇಟಿಂಗ್, ಗಾಳಿಪಟ, ಪಕ್ಕದಲ್ಲಿ ಜನರೇ ಮಾಡಿಕೊಂಡ ಕೈತೋಟ. ಆಮೇಲೆ ನಗರಾಡಳಿತ ಬಂದು, ಅಂಚಿನಲ್ಲಿ ಮಾತ್ರ ಸುಮಾರು 4,700 ಮನೆ ಕಟ್ಟುತ್ತೇವೆ, ನಡುವಿನ ಬಯಲು ಹಾಗೇ ಇರುತ್ತೆ ಅಂತು. 2014ರ ಮೇ ತಿಂಗಳಲ್ಲಿ ಜನಮತ ನಡೆಯಿತು. ಓಟು ಹಾಕಿದವರಲ್ಲಿ ಶೇ 64ರಷ್ಟು ಜನ ಒಂದು ಇಟ್ಟಿಗೆಯೂ ಬೇಡ ಅಂದರು, ಅದೇ ಕಾನೂನಾಯಿತು. ಮುಂದೆ ಬರ್ಲಿನ್‌ನ ಬಾಡಿಗೆ ಏರುತ್ತಲೇ ಹೋಯಿತು, ಅಂಚಿನಲ್ಲಿ ಕಟ್ಟೋಣವಾ ಅನ್ನೋ ಮಾತು ಮತ್ತೆ ಎದ್ದಿತು. ಜನಕ್ಕೆ ಆ ಬಯಲಿನ ಮೇಲೆ ಪ್ರೀತಿ ಇದ್ದದ್ದು ನಿಜ. ಆದರೆ ಆ ಮನೆಗಳು ಯಾರಿಗೆ ಸಿಗುತ್ತವೆ, ಎಷ್ಟು ಬಾಡಿಗೆಗೆ ಅನ್ನೋದರಲ್ಲಿ ಆಡಳಿತದ ಮಾತಿನ ಮೇಲೆ ಬಹಳ ಜನಕ್ಕೆ ನಂಬಿಕೆ ಇರಲಿಲ್ಲ. ನಂಬಿಕೆ ಇಲ್ಲದ ಕಡೆ ಏನೂ ಬೇಡ ಅನ್ನೋದೇ ಸೇಫ್ ಅನ್ನಿಸುತ್ತೆ. ನಾನಾಗಿದ್ದರೆ ಅಂಚಿನಲ್ಲಿ ಕಟ್ಟಿ ಅಂತಲೇ ಓಟು ಹಾಕುತ್ತಿದ್ದೆ, ಆದರೆ ಕರಾರು ಓದಿದ ಮೇಲೆ.

ಕರಾರು ಯಾಕೆ ಓದಬೇಕು ಅನ್ನೋದಕ್ಕೆ ಲಂಡನ್ ಇದೆ. ದಕ್ಷಿಣ ಲಂಡನ್‌ನ ಹೇಗೇಟ್ ಎಸ್ಟೇಟ್ 1974ರಲ್ಲಿ ಮುಗಿದ ಸರ್ಕಾರಿ ವಸತಿ, ಸಾವಿರಕ್ಕೂ ಜಾಸ್ತಿ ಮನೆ. ಎಲ್ಲರನ್ನೂ ಖಾಲಿ ಮಾಡಿಸಿ 2014ರ ಹೊತ್ತಿಗೆ ಕೆಡವಿ ಮುಗಿಸಿದರು. ಹೊಸ ಯೋಜನೆಯಲ್ಲಿ ಮನೆಗಳ ಸಂಖ್ಯೆ ಹಳೆಯದರ ಎರಡು ಪಟ್ಟು ದಾಟಿತು. ಅದರಲ್ಲಿ ಸರ್ಕಾರಿ ವಸತಿಯಂಥ ಕಡಿಮೆ ಬಾಡಿಗೆಗೆ ಇಟ್ಟದ್ದು ನೂರರ ಆಸುಪಾಸು. ಮನೆ ಜಾಸ್ತಿ ಆಯಿತು, ಮೊದಲು ಅಲ್ಲಿದ್ದಂಥವರಿಗೆ ಜಾಗ ಕಡಿಮೆ ಆಯಿತು. ಇಂಗ್ಲೆಂಡಿನಲ್ಲಿ 2011ರಿಂದ ಮಾರುಕಟ್ಟೆ ಬಾಡಿಗೆಯ ಶೇ 80ರವರೆಗೆ ವಸೂಲಿ ಮಾಡಿದರೂ ಅದನ್ನು ‘ಕೈಗೆಟುಕುವ ಬಾಡಿಗೆ’ ಅಂತ ಲೆಕ್ಕಕ್ಕೆ ಹಿಡಿಯಬಹುದು. ಹಾಗಾಗಿ ಯಾರಾದರೂ ಸ್ಕ್ರೀನ್ ಮೇಲೆ ಶೇಕಡಾ ಇಷ್ಟು ಮನೆ ಬಡವರಿಗೆ ಅಂತ ತೋರಿಸಿದರೆ, ಬಾಡಿಗೆ ತಿಂಗಳಿಗೆ ಎಷ್ಟು, ಎಷ್ಟು ಸಂಬಳದವರಿಗೆ ಅಂತ ರೊಕ್ಕದಲ್ಲೇ ಕೇಳಬೇಕು. ಶೇಕಡಾ ಲೆಕ್ಕದಲ್ಲಿ ಏನು ಬೇಕಾದರೂ ಮುಚ್ಚಿಡಬಹುದು.

ಅದೇ ಲಂಡನ್ ಇನ್ನೊಂದು ಪಾಠವನ್ನೂ ಕೊಟ್ಟಿತು. 2018ರಿಂದ ಅಲ್ಲಿನ ಮೇಯರ್ ಕಚೇರಿ, ತನ್ನ ದುಡ್ಡು ಪಡೆದು ಹಳೇ ವಸತಿ ಕೆಡವುವ ದೊಡ್ಡ ಯೋಜನೆಗಳಿಗೆ ಅಲ್ಲಿನ ನಿವಾಸಿಗಳ ಮತದಾನ ಕಡ್ಡಾಯ ಮಾಡಿದೆ. ಸರ್ಕಾರಿ ಮನೆಯ ಬಾಡಿಗೆದಾರರಿಗೂ ಓಟಿದೆ. ಓಟಿಗೆ ಮೊದಲು, ವಾಪಸ್ ಬರುವ ಹಕ್ಕು ಯಾರಿಗೆ, ಪರಿಹಾರ ಏನು ಅಂತೆಲ್ಲ ಬರೆದು ಕೈಗೆ ಕೊಡಬೇಕು. ಹೀಗೆ ಮಾಡಿದರೆ ಜನ ಎಲ್ಲವನ್ನೂ ತಳ್ಳಿಹಾಕುತ್ತಾರೆ ಅಂತ ಹೆದರಿದವರಿದ್ದರು. ಬಹುತೇಕ ಕಡೆ ಜನ ಹೂಂ ಅಂದಿದ್ದಾರೆ! ‘ಜನ ಅಭಿವೃದ್ಧಿಗೆ ಅಡ್ಡ ಬರ್ತಾರೆ’ ಅಂತ ಗೊಣಗುವ ಅಧಿಕಾರಿಗಳು ಇದನ್ನೊಮ್ಮೆ ನೋಡಲಿ.

ಈಗ ಜಾಗದ ವಿಷಯಕ್ಕೆ ಬರ್ತೀನಿ. ಹತ್ತು ಮಹಡಿ ಅಂದದ್ದನ್ನು ಗಲಾಟೆ ಮಾಡಿ ಎಂಟಕ್ಕೆ ಇಳಿಸಬಹುದು. ಪಾರ್ಕಿಂಗ್ ಜಾಸ್ತಿ ಮಾಡಿಸಬಹುದು. ಆದರೆ ಸರ್ಕಾರಿ ಜಾಗವನ್ನು ಒಮ್ಮೆ ಕ್ರಯ ಮಾಡಿಕೊಟ್ಟರೆ ಮುಗೀತು, ಆ ಬೆಲೆಗೆ ಅದು ವಾಪಸ್ ಬರಲ್ಲ. ನಗರದ ನಡುವೆ ಅಂಥ ಇನ್ನೊಂದು ಜಾಗವೂ ಸಿಗಲ್ಲ. ಬ್ರಿಟನ್ 1980ರ ಕಾನೂನಿನಿಂದ ಸರ್ಕಾರಿ ಮನೆಗಳನ್ನು ಅದರಲ್ಲಿದ್ದವರಿಗೇ ರಿಯಾಯಿತಿಗೆ ಮಾರುತ್ತಾ ಹೋಯಿತು. ಕೊಂಡವರಿಗೆ ಒಳ್ಳೆಯದೇ ಆಯಿತು, ಇಲ್ಲ ಅನ್ನಲ್ಲ. ಆದರೆ ಈಗ ಕೆಲವು ಪಾಲಿಕೆಗಳು ಮನೆಯಿಲ್ಲದ ಕುಟುಂಬಗಳನ್ನು ಇರಿಸೋಕೆ, ಹಿಂದೆ ತಾವೇ ಮಾರಿದ್ದ ಫ್ಲ್ಯಾಟುಗಳನ್ನು ಖಾಸಗಿ ಮಾಲೀಕರಿಂದ ಬಾಡಿಗೆಗೆ ಹಿಡಿಯುತ್ತಿವೆ.

ಜಾಗ ಮಾರದೆಯೂ ಮನೆ ಕಟ್ಟಿಸಬಹುದು. ಆಮ್ಸ್ಟರ್‌ಡ್ಯಾಮ್ 1896ರಿಂದಲೇ ನಗರದ ಜಾಗವನ್ನು ಮಾರುವ ಬದಲು ಗುತ್ತಿಗೆಗೆ ಕೊಡುತ್ತಾ ಬಂದಿದೆ. ಸಿಂಗಪುರದಲ್ಲಿ ಸರ್ಕಾರ ಕಟ್ಟಿದ ಫ್ಲ್ಯಾಟುಗಳು ಸಿಗೋದು 99 ವರ್ಷದ ಲೀಸ್ ಮೇಲೆ. ಆ ಲೀಸ್ ಮುಗಿಯುತ್ತಾ ಬಂದಂತೆ ಫ್ಲ್ಯಾಟಿನ ಬೆಲೆ ಏನಾಗುತ್ತೆ ಅನ್ನೋ ತಲೆನೋವು ಅವರಿಗೂ ಇದೆ ಬಿಡಿ, ಆದರೆ ಜಾಗ ಸರ್ಕಾರದ್ದೇ. ವಿಯೆನ್ನಾದಲ್ಲಿ 1923ರಲ್ಲಿ ವಸತಿಗೆಂದೇ ತೆರಿಗೆ ಹಾಕಿದರು, ದೊಡ್ಡ ಐಷಾರಾಮಿ ಮನೆಗಳಿಗೆ ಜಾಸ್ತಿ, ಸಣ್ಣ ಮನೆಗಳಿಗೆ ಕಡಿಮೆ. ಆ ಕಾಲದಲ್ಲಿ ಎದ್ದು 1930ರಲ್ಲಿ ಬಾಗಿಲು ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಅನ್ನೋ ವಸತಿ ಕಟ್ಟಡ ಒಂದು ಕಿಲೋಮೀಟರಿಗೂ ಉದ್ದ ಇದೆ, ಇವತ್ತಿಗೂ ನಗರದ್ದೇ ಆಸ್ತಿ. ಸುಮಾರು 2,20,000 ಮನೆಗಳಿಗೆ ಪಾಲಿಕೆಯೇ ಮಾಲೀಕ ಆಗಿರೋದರಿಂದ, ಅಲ್ಲಿ ಬಾಡಿಗೆ ಎಷ್ಟಿರಬೇಕು ಅನ್ನೋದರಲ್ಲಿ ಪಾಲಿಕೆಗೆ ನಿಜವಾದ ಹಿಡಿತ ಇದೆ.

ಖಾಸಗಿ ಬಿಲ್ಡರ್ ಬೇಡವೇ ಬೇಡ ಅಂತ ನನ್ನ ವಾದ ಅಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ನಗರ 2016ರಲ್ಲಿ ಸುಮಾರು ಮುಕ್ಕಾಲು ಪಾಲು ವಸತಿ ಪ್ರದೇಶದಲ್ಲಿ ಮೊದಲಿಗಿಂತ ಜಾಸ್ತಿ ಮನೆ ಕಟ್ಟೋಕೆ ಬಿಟ್ಟಿತು, ಕಟ್ಟಡ ಪರವಾನಗಿಗಳು ಚೆನ್ನಾಗೇ ಏರಿದವು. ಖಾಸಗಿ ಜಾಗದಲ್ಲಿ ಹಾಗೆ ಆಗಲಿ. ಸಾರ್ವಜನಿಕ ಜಾಗದಲ್ಲಿ ಬಿಲ್ಡರ್ ಕಟ್ಟಲಿ, ಲಾಭವನ್ನೂ ಮಾಡಿಕೊಳ್ಳಲಿ, ಖಾತೆ ಮಾತ್ರ ಅವನ ಹೆಸರಿಗೆ ಹೋಗಬಾರದು.

ಇನ್ನೊಂದು ವಿಷಯ, ಯಾರೂ ಗಮನ ಕೊಡದ್ದು. ಯೋಜನೆಗೆ ಒಪ್ಪಿಗೆ ಸಿಕ್ಕ ಮೇಲೆ, ಅಡಿಪಾಯ ತೋಡಿದ ಮೇಲೆ, ಎರಡನೇ ಅರ್ಜಿ ಬರುತ್ತೆ. ಸಿಮೆಂಟು, ಕಬ್ಬಿಣದ ರೇಟು ಏರಿದೆ, ಬಡ್ಡಿ ಜಾಸ್ತಿ ಆಗಿದೆ, ಒಪ್ಪಿಕೊಂಡಷ್ಟು ಕಡಿಮೆ ಬಾಡಿಗೆಯ ಮನೆ ಕೊಟ್ಟರೆ ಲೆಕ್ಕ ಕೂಡಲ್ಲ, ಸಂಖ್ಯೆ ಇಳಿಸಿಕೊಡಿ ಅಂತ. ಆಗ ಜಾಗ ಬಿಲ್ಡರ್ ಹೆಸರಿಗೆ ಹೋಗಿದ್ದರೆ ಪಾಲಿಕೆ ಕೈಯಲ್ಲಿ ಏನೂ ಇರಲ್ಲ, ಹೂಂ ಅನ್ನಬೇಕು, ಇಲ್ಲ ಅರ್ಧಕ್ಕೆ ನಿಂತ ಕಟ್ಟಡ ನೋಡ್ತಾ ಕೂರಬೇಕು. ಜಾಗ ಲೀಸ್ ಮೇಲಿದ್ದು, ಮಾತು ತಪ್ಪಿದರೆ ಜಾಗ ವಾಪಸ್, ಲೆಕ್ಕಪತ್ರ ಎಲ್ಲರ ಮುಂದೆ ಬಿಚ್ಚಿಡಬೇಕು ಅಂತ ಕರಾರಿನಲ್ಲೇ ಬರೆದಿದ್ದರೆ ಮಾತುಕತೆ ಬೇರೆ ಥರ ನಡೆಯುತ್ತೆ. ಹಾಗಾಗಿ ಮುಂದಿನ ಸಲ ಮೈಕ್ ಕೈಗೆ ಸಿಕ್ಕಾಗ ಆ ಎರಡನೇ ಅರ್ಜಿಯ ಬಗ್ಗೆ ಮೊದಲೇ ಕೇಳಿಬಿಡಿ. ಪಾರ್ಕಿಂಗ್ ಬಗ್ಗೆ ಕೇಳೋಕೆ ಇನ್ಯಾರಾದರೂ ಇದ್ದೇ ಇರ್ತಾರೆ.