ಹಿರಿಯರು ಮಾಡಿದ್ದಕ್ಕೆಲ್ಲ ವೈಜ್ಞಾನಿಕ ಕಾರಣ ಇದೆ, ಹೌದಲ್ರೀ ಸರ್?

ನಾನು ವಿಜಯಪುರದಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಭಾನುವಾರ ಸಂಜೆ ಗೆಳೆಯರೊಬ್ಬರ ಮನೆ ಕಟ್ಟೆ ಮೇಲೆ ನಾಲ್ಕು ಜನ ಕೂಡುತ್ತೇವೆ. ಒಬ್ಬರು ಕನ್ನಡ ಪ್ರಾಧ್ಯಾಪಕರು, ಒಬ್ಬರು ಕಥೆ ಬರೆಯುವವರು, ಒಬ್ಬರು ಕೃಷಿ ವಿಜ್ಞಾನಿ. ಚುರುಮುರಿ, ಚಹಾ, ಆಮೇಲೆ ದೇವರು, ಜಾತಿ, ವಿಜ್ಞಾನ, ಮಳೆ. ಈ ಸುದ್ದಿ ಊರಲ್ಲಿ ಹಬ್ಬಿದೆ. ಹಾಗಾಗಿ ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದವರು ಕೇಳುತ್ತಾರೆ: "ಸರ್, ನಮ್ಮ ಹಿರ್ಯಾರು ಮಾಡಿದ್ದಕ್ಕೆಲ್ಲ ವೈಜ್ಞಾನಿಕ ಕಾರಣ ಐತಿ, ಹೌದಲ್ರೀ?"

ಹೌದು ಅಂದರೆ ಖುಷಿ, ಅಲ್ಲ ಅಂದರೆ ಜಗಳ. ನನ್ನ ಉತ್ತರ: ಕೆಲವಕ್ಕೆ ಇದೆ, ಬಹಳಕ್ಕೆ ಇಲ್ಲ. ಇಲ್ಲದಿದ್ದರೆ ಏನು ಗಂಟು ಹೋಯಿತು?

ಇರುವುದಕ್ಕೆ ನಮ್ಮ ಮಳೆ ನಕ್ಷತ್ರಗಳೇ ಸಾಕ್ಷಿ. ರೈತ ಹಬ್ಬ ಮಾಡುವುದು ಚಂದ್ರನನ್ನು ನೋಡಿ, ಬಿತ್ತುವುದು ಸೂರ್ಯನನ್ನು ನೋಡಿ. ಚಂದ್ರನ ಹನ್ನೆರಡು ತಿಂಗಳು ಸೇರಿದರೆ 354 ದಿನ. ವರ್ಷಕ್ಕೆ ಹನ್ನೊಂದು ದಿನ ಕಡಿಮೆ ಬೀಳುತ್ತದೆ, ಅದನ್ನು ತುಂಬಿಸಲು ಅಧಿಕ ಮಾಸ ಬರಬೇಕು. ಆ ಲೆಕ್ಕ ನಂಬಿ ಬಿತ್ತಿದರೆ ಕೆಟ್ಟ. ಅದಕ್ಕೇ ಸೂರ್ಯನ ದಾರಿಯನ್ನು 27 ನಕ್ಷತ್ರಗಳಿಗೆ ಹಂಚಿದರು. ಒಂದೊಂದಕ್ಕೆ ಹದಿಮೂರೂವರೆ ದಿನ. ಮಿರಗ, ಅಂದರೆ ಮೃಗಶಿರ ಮಳೆ, ಕೂಡುವುದು ಜೂನ್ 7-8ರ ಸುಮಾರಿಗೆ, ಹೆಚ್ಚುಕಡಿಮೆ ಪ್ರತಿ ವರ್ಷವೂ. ಹಿಂಗಾರಿ ಬಿಳಿಜೋಳ ಬಿತ್ತುವವರು ಉತ್ತರಿ, ಹಸ್ತ ಎಂದು ಬೆರಳು ಮಡಚುವುದೂ ಇದೇ ಲೆಕ್ಕದಲ್ಲಿ. ಇದು ಅಪ್ಪಟ ವಿಜ್ಞಾನ.

ಆದರೆ ಅದರಲ್ಲೂ ಒಂದು ಸೋರಿಕೆ ಇದೆ. ಭೂಮಿಯ ಅಕ್ಷ ನಿಧಾನಕ್ಕೆ ಓಲಾಡುವುದರಿಂದ ನಕ್ಷತ್ರದ ಲೆಕ್ಕ ಋತುವಿನಿಂದ ಸುಮಾರು 72 ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ, ನಾವು ಸಂಕ್ರಾಂತಿ ಮಾಡುವುದು ಜನವರಿ 14-15ಕ್ಕೆ. ಬಸವಣ್ಣನ ಕಾಲದಿಂದ ಇಲ್ಲಿಯವರೆಗೆ ಹನ್ನೆರಡು ದಿನ, ಅಂದರೆ ಹತ್ತಿರ ಹತ್ತಿರ ಒಂದು ನಕ್ಷತ್ರವೇ ಜಾರಿದೆ. ಈ ಮಾತು ಹೇಳುವಷ್ಟರಲ್ಲಿ ಪಕ್ಕದವರು ಹೋಳಿಗೆ ಬಡಿಸುವವನನ್ನು ಕರೆಯುತ್ತಿರುತ್ತಾರೆ.

ಇನ್ನು ಎಳ್ಳ ಅಮಾವಾಸ್ಯೆಯ ಚರಗ. ಹೊಲದಲ್ಲಿ ಕಡಬು, ಪುಂಡಿಪಲ್ಯ, ಅನ್ನ ಎಲ್ಲ ಕಲಸಿ ಬೆಳೆಗೆ ಚೆಲ್ಲುತ್ತೇವಲ್ಲ, ಅದು. ಈಚೆಗೆ ಇದಕ್ಕೂ ಒಂದು ಕಾರಣ ಹುಟ್ಟಿದೆ: ಅನ್ನಕ್ಕೆ ಹಕ್ಕಿ ಬರುತ್ತವೆ, ಬಂದವು ಹುಳ ತಿನ್ನುತ್ತವೆ. ಕಟ್ಟೆಯಲ್ಲಿ ಇದನ್ನು ಕೇಳಿ ಕೃಷಿ ವಿಜ್ಞಾನಿ ನಕ್ಕುಬಿಟ್ಟರು. "ವರ್ಷಕ್ಕ ಒಂದಿನ ಉಂಡು ಹೋಗೂ ಹಕ್ಕಿ ಬೆಳಿ ಕಾಯತಾವೇನ್ರೀ?" ಪ್ರಾಧ್ಯಾಪಕರಿಗೆ ಮಾತ್ರ ಸಿಟ್ಟು ಬಂತು. ತೆನೆ ಕಟ್ಟುವ ಹೊಲ ಅಂದರೆ ಬಸುರಿ ಹೆಣ್ಣು, ಅವಳಿಗೆ ಮಾಡುವ ಬಯಕೆಯ ಊಟ ಅದು, ಅದನ್ನು ಕೀಟನಾಶಕ ಮಾಡಿಬಿಟ್ಟಿರಲ್ಲ ಅಂದರು. ನಾನು ಅವರ ಕಡೆ. ನಾಳೆ ಹಕ್ಕಿ ಹುಳ ತಿನ್ನುವುದಿಲ್ಲ ಅಂತ ಗೊತ್ತಾದರೆ ಚರಗ ಬಿಡುತ್ತೀರಾ? ಬಿಡಲ್ಲ ಅಂದಮೇಲೆ ಅದು ಕಾರಣವೇ ಅಲ್ಲ, ಸುಮ್ನೆ ಸರ್ಟಿಫಿಕೇಟು.

1995ರ ಸೆಪ್ಟೆಂಬರ್ 21ಕ್ಕೆ ಗಣಪತಿ ಹಾಲು ಕುಡಿದದ್ದು ನೆನಪಿದೆಯಾ? ನಮ್ಮ ಸೋದರತ್ತೆ ಗುಡಿಯಲ್ಲಿ ಕುಡಿಸಿ ಬಂದು ಗದ್ಗದವಾಗಿದ್ದಳು. ನಾನು ಒರಳಿನ ಗುಂಡಕಲ್ಲು ತೊಳೆದು ತಂದೆ. ಚಮಚದ ತುಂಬ ಹಾಲು ಹಿಡಿದು ಕಲ್ಲಿಗೆ ಅಂಚು ತಾಗಿಸಿದೆ. ಹಾಲು ಮೆಲ್ಲಗೆ ಇಳಿಯಿತು, ಕಲ್ಲಿನ ಮೈಮೇಲೆ ತೆಳ್ಳಗೆ ಹರಡಿ ಕೆಳಗೆ ಹೋಯಿತು. ಮೇಲ್ಮೈ ಸೆಳೆತದ ಪಾಠ ಶುರುಮಾಡುವುದರೊಳಗೆ ಅತ್ತೆ ಅಂದಳು: "ಹಂಗಾದ್ರ ಗುಂಡಕಲ್ಲಿನ್ಯಾಗೂ ದೇವರು ಅದಾನ ಅಂದಂಗಾತಲ್ಲೋ ತಮ್ಮಾ." ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಹಾಗಂತ ನಂಬಿಕೆಯನ್ನೆಲ್ಲ ಅದರ ಪಾಡಿಗೆ ಬಿಡಿ ಅನ್ನುತ್ತಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ವಾಸಿಯಾಗಲಿ ಎಂದು ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದರು. ಗ್ರಹಣದ ಕಿರಣ, ಮಣ್ಣಿನ ಗುಣ ಅಂತ ಇದಕ್ಕೂ ಕಾರಣ ಹೇಳುವವರು ಸಿಗುತ್ತಾರೆ. ನನಗೆ ಭಯ ಅದೇ. ಚರಗಕ್ಕೆ ಕೊಟ್ಟ ಸರ್ಟಿಫಿಕೇಟನ್ನೇ ಇಲ್ಲಿಗೂ ತಂದು ಅಂಟಿಸುತ್ತಾರೆ. ಅಳುವ ಕೂಸನ್ನು ಮೇಲೆತ್ತಲು ಭೌತಶಾಸ್ತ್ರ ಬೇಕಾ? ನಮ್ಮ ಬಾಗೇವಾಡಿಯ ಬಸವಣ್ಣ ಕಲ್ಲುನಾಗರಕ್ಕೆ ಹಾಲೆರೆದು ನಿಜನಾಗರವನ್ನು ಕೊಲ್ಲುವವರನ್ನು ಪ್ರಶ್ನಿಸಿದಾಗ ವಿಜ್ಞಾನದ ಹೆಸರೆತ್ತಲಿಲ್ಲ. ಆಡುವುದಕ್ಕೂ ಮಾಡುವುದಕ್ಕೂ ತಾಳೆ ಇದೆಯಾ ಅಂತ ನೋಡಿದ, ಅಷ್ಟೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: "ಹಂಗಾದ್ರ ನೀವು ಚರಗ ಚೆಲ್ಲಂಗಿಲ್ಲೇನ್ರೀ?" ಚೆಲ್ಲುತ್ತೇನೆ. ಹೊಲದಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುವವನು ನಾನೇ. ಹೋದ ಸಲ ಅನ್ನಕ್ಕೆ ಎರಡು ಕಾಗೆ, ಪಕ್ಕದ ಹೊಲದವರ ನಾಯಿ ಬಂದಿದ್ದವು. ಹುಳ ಎಷ್ಟು ತಿಂದವೋ ಲೆಕ್ಕ ಇಡಲಿಲ್ಲ.