ಪರ್ಸನಾಲಿಟಿ ಟೆಸ್ಟ್ ಆದಮೇಲೆ ಮಕ್ಕಳು ಕೇಳುವ ಪ್ರಶ್ನೆ

ಆಪ್ಟಿಟ್ಯೂಡ್ ಟೆಸ್ಟ್‌ನಲ್ಲಿ ಹೋದರೆ ನಮ್ಮ ಮಕ್ಕಳು ಅರ್ಧ ದಿನ ಬೇಜಾರು ಮಾಡಿಕೊಳ್ಳುತ್ತಾರೆ. ಆಮೇಲೆ ಇನ್ನಷ್ಟು ಪ್ರಾಕ್ಟೀಸ್ ಮಾಡಬೇಕು ಅಂತ ಎದ್ದು ಹೋಗುತ್ತಾರೆ. ಕೋಡಿಂಗ್‌ನಲ್ಲಿ ಹೋದರೂ ಅಷ್ಟೇ. ಪರ್ಸನಾಲಿಟಿ ಟೆಸ್ಟ್ ಆದಮೇಲೆ ಲಿಸ್ಟ್‌ನಲ್ಲಿ ಹೆಸರು ಬರದಿದ್ದರೆ ಮಾತ್ರ ಕಥೆ ಬೇರೆ. "ಮೇಡಂ, ಹಾಗಾದ್ರೆ ನನ್ನ ಸ್ವಭಾವಾನೇ ಸರಿ ಇಲ್ವಾ?" ಅಂತ ಕೇಳುತ್ತಾರೆ. ಇದಕ್ಕೆ ಪ್ರಾಕ್ಟೀಸ್ ಮಾಡು ಅಂತ ಉತ್ತರ ಕೊಡಲು ಆಗುವುದಿಲ್ಲ.

ನಾನು ತುಮಕೂರು ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ನೋಡಿಕೊಳ್ಳುತ್ತೇನೆ. ಶಿರಾ, ಪಾವಗಡ, ಮಧುಗಿರಿ ಕಡೆಯಿಂದ ಬರುವ ಮಕ್ಕಳೇ ಜಾಸ್ತಿ. ಮೊದಲೆಲ್ಲ ಒಂದು ಲಿಖಿತ ಪರೀಕ್ಷೆ, ಒಂದು ಇಂಟರ್‌ವ್ಯೂ, ಅಲ್ಲಿಗೆ ಮುಗಿಯುತ್ತಿತ್ತು. ಈಗ ಎಷ್ಟೋ ಕಂಪನಿಗಳು ನಡುವೆ ಸ್ವಭಾವ ಅಳೆಯುವ ಒಂದು ಆನ್‌ಲೈನ್ ಟೆಸ್ಟ್ ಇಡುತ್ತವೆ, ಇದೇ ಪರ್ಸನಾಲಿಟಿ ಟೆಸ್ಟ್. ಅದರಲ್ಲಿ ಸರಿ ಉತ್ತರ, ತಪ್ಪು ಉತ್ತರ ಇಲ್ಲ ಅಂತ ಮೊದಲನೇ ಪರದೆಯಲ್ಲೇ ಬರೆದಿರುತ್ತದೆ. ಆದರೆ ಮುಗಿದಮೇಲೆ ಕೆಲವರು ಒಳಗೆ, ಕೆಲವರು ಹೊರಗೆ. ಹೊರಗಾದವರಿಗೆ ತಮ್ಮ ಉತ್ತರ ತಪ್ಪಾಗಿತ್ತು ಅಂತಲೇ ಅನಿಸುತ್ತದೆ, ಅಲ್ವಾ?

ಒಬ್ಬಳು ಹುಡುಗಿಯ ವಿಷಯ ಹೇಳುತ್ತೇನೆ. ಅವಳ ಅಪ್ಪನಿಗೆ ಊರಿನಲ್ಲಿ ಕಿರಾಣಿ ಅಂಗಡಿ. ರಜೆ ಬಂದರೆ ಗಲ್ಲಾದಲ್ಲಿ ಇವಳೇ ಕೂರುತ್ತಾಳೆ. ಸಾಲದ ಪುಸ್ತಕ ಇಟ್ಟುಕೊಂಡು ದೊಡ್ಡವರ ಹತ್ತಿರವೂ ಮುಲಾಜಿಲ್ಲದೆ ಬಾಕಿ ಕೇಳುತ್ತಾಳೆ. ಟೆಸ್ಟ್‌ನಲ್ಲಿ ಒಂದು ವಾಕ್ಯ ಬಂತು: ಅಪರಿಚಿತರ ಜೊತೆ ನಾನು ಸಲೀಸಾಗಿ ಮಾತಾಡುತ್ತೇನೆ. ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಅಂಗಡಿಯಲ್ಲಾದರೆ ಐದು. ಬೆಂಗಳೂರಿನ ಆಫೀಸಿನಲ್ಲಿ, ಇಂಗ್ಲಿಷ್‌ನಲ್ಲಿ, ಟೈ ಕಟ್ಟಿಕೊಂಡವರ ಮುಂದೆ ಆದರೆ ಒಂದೋ ಎರಡೋ. ಯಾವ ಜಾಗ ಅಂತ ಪ್ರಶ್ನೆಯಲ್ಲಿ ಇರಲಿಲ್ಲ. ಅವಳು ಮೂರು ಒತ್ತಿದಳು. ಅಂಥ ಪ್ರಶ್ನೆ ಬಂದಲ್ಲೆಲ್ಲ ಮೂರನ್ನೇ ಒತ್ತಿದಳು. ಲಿಸ್ಟ್‌ನಲ್ಲಿ ಅವಳ ಹೆಸರು ಬರಲಿಲ್ಲ. ಆ ಮೂರುಗಳಿಂದಲೇ ಹೋಯಿತಾ, ಬೇರೆ ಯಾವುದರಿಂದಲಾದರೂ ಹೋಯಿತಾ, ಯಾರೂ ಹೇಳಲಿಲ್ಲ. ಆ ಕೆಲಸ ಏನು ಗೊತ್ತಾ? ಗ್ರಾಹಕರಿಗೆ ಫೋನ್ ಮಾಡಿ ಬಾಕಿ ಹಣ ನೆನಪಿಸುವುದು.

ಇನ್ನೊಂದು ತರಹದ ಪ್ರಶ್ನೆ ಬರುತ್ತದೆ. ಎರಡು ವಾಕ್ಯ ಕೊಟ್ಟು ಒಂದನ್ನೇ ಆರಿಸು ಅನ್ನುತ್ತಾರೆ. "ಹೇಳಿದ ಹೊತ್ತಿಗೆ ಕೆಲಸ ಮುಗಿಸುತ್ತೇನೆ", "ತಪ್ಪಿಲ್ಲದಂತೆ ಕೆಲಸ ಮುಗಿಸುತ್ತೇನೆ". ಎರಡೂ ಒಳ್ಳೆಯದೇ. ಹೀಗೆ ಕೇಳುವುದಕ್ಕೆ ಕಾರಣ ಇದೆ. ಸುಮ್ನೆ ಅಂಕ ಕೊಡಿ ಅಂದರೆ ಎಲ್ಲರೂ ಎಲ್ಲದಕ್ಕೂ ಐದು ಕೊಟ್ಟುಬಿಡುತ್ತಾರೆ. ಇನ್ನು ಕೆಲವು ಟೆಸ್ಟ್‌ಗಳಲ್ಲಿ "ನಾನು ಜೀವನದಲ್ಲಿ ಒಂದು ಸುಳ್ಳೂ ಹೇಳಿಲ್ಲ" ಅನ್ನುವಂಥ ವಾಕ್ಯ ಸೇರಿಸಿರುತ್ತಾರೆ. ಅದಕ್ಕೆ ಹೌದು ಅಂದವರು ತಮ್ಮನ್ನು ಅತಿಯಾಗಿ ಚೆನ್ನಾಗಿ ತೋರಿಸಿಕೊಳ್ಳುತ್ತಿದ್ದಾರೆ ಅಂತ ಗುರುತು ಬೀಳುತ್ತದೆ. ನಮ್ಮ ಮಕ್ಕಳು ಯೂಟ್ಯೂಬ್ ನೋಡಿಕೊಂಡು "ಟೀಮ್‌ವರ್ಕ್ ಅಂತ ಕಂಡರೆ ಐದು ಒತ್ತು, ಕೋಪ ಅಂತ ಕಂಡರೆ ಒಂದು ಒತ್ತು" ಅಂತ ಪಾಠ ಮಾಡಿಕೊಂಡು ಹೋಗುತ್ತಾರೆ. ಸಿಕ್ಕಿಬೀಳುವುದು ಇಂಥ ಕಡೆಯೇ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಏನು ಅಳೆಯುತ್ತಾರೆ ಅಂತ ಯಾರೂ ಹೇಳದಿದ್ದಾಗ ಸಿಕ್ಕಿದವರ ಮಾತು ಕೇಳುವುದು ಸಹಜ.

ಹಾಗಾಗಿ ಈ ಟೆಸ್ಟ್‌ಗಳ ಬಗ್ಗೆ ನಾನೇ ಕೂತು ಓದಲು ಶುರು ಮಾಡಿದೆ. ಕೆಲಸಕ್ಕೆ ಬಂದ ಒಂದೆರಡು ವಿಷಯ ಇಲ್ಲಿ ಬರೆಯುತ್ತೇನೆ.

ಎಲ್ಲರೂ ಕೇಳಿರುವುದು ಎಂಬಿಟಿಐ. ಇಂಗ್ಲಿಷಿನ ನಾಲ್ಕು ಅಕ್ಷರ ಸೇರಿಸಿ ಮನುಷ್ಯರನ್ನು 16 ಗುಂಪಿಗೆ ಹಾಕುವ ಪರೀಕ್ಷೆ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಮುಂದಿಟ್ಟ ವಿಚಾರವನ್ನು ಹಿಡಿದು ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್ ಇದನ್ನು ಮಾಡಿದರು. ಒಂದು ಸಣ್ಣ ಕಂಪನಿಯವರು ನಮ್ಮ ಮಕ್ಕಳ ಬಯೋಡೇಟಾದಲ್ಲಿ ಈ ನಾಲ್ಕು ಅಕ್ಷರ ಇರಲೇಬೇಕು ಅಂದಿದ್ದರು. ಈ ಪರೀಕ್ಷೆಯನ್ನು ನಡೆಸುವ ಸಂಸ್ಥೆಯೇ ಇದನ್ನು ಕೆಲಸಕ್ಕೆ ಆಯ್ಕೆ ಮಾಡಲು ಬಳಸಬೇಡಿ ಅಂತ ಸ್ಪಷ್ಟವಾಗಿ ಹೇಳಿದೆ. ಅದನ್ನು ಆ ಎಚ್‌ಆರ್‌ಗೆ ಕಳಿಸಿದೆ. ಅವರು ಆ ಕಾಲಂ ತೆಗೆದುಹಾಕಿದರು. ಒಳ್ಳೆಯ ಮನುಷ್ಯ, ಗೊತ್ತಿರಲಿಲ್ಲ ಅಷ್ಟೇ.

ಸಂಶೋಧನೆ ಮಾಡುವವರು ಹೆಚ್ಚು ನಂಬುವುದು ಐದು ಗುಣಗಳ ಮಾದರಿಯನ್ನು. ಹೊಸದಕ್ಕೆ ತೆರೆದ ಮನಸ್ಸು, ಕೆಲಸದಲ್ಲಿ ಶಿಸ್ತು, ಜನರ ಜೊತೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಬೇಗ ಕಳವಳಗೊಳ್ಳುವುದು. ಇದರಲ್ಲಿ ಶಿಸ್ತು ಒಂದು ಮಾತ್ರ, ಬಹುತೇಕ ಎಲ್ಲ ಕೆಲಸದಲ್ಲೂ, ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತಾರೆ ಅನ್ನುವುದಕ್ಕೆ ಸ್ವಲ್ಪ ಸಂಬಂಧ ತೋರಿಸುತ್ತದೆ. ಆ ಸ್ವಲ್ಪ ಅಂದರೆ ಎಷ್ಟು? 2022ರಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಅವರ ಜೊತೆಗಾರರು ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದರು. ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1 ಅಂತಿಟ್ಟುಕೊಂಡರೆ ಶಿಸ್ತಿನ ಟೆಸ್ಟ್‌ಗೆ ಸಿಕ್ಕಿದ್ದು 0.19. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಒಂದೇ ರೀತಿ ಅಂಕ ಕೊಡುವ ಇಂಟರ್‌ವ್ಯೂಗೆ 0.42. ಅಂದರೆ ಟೆಸ್ಟ್ ಪೂರ್ತಿ ಬೊಗಳೆ ಅಲ್ಲ. ಆದರೆ ಅದೊಂದನ್ನೇ ನಂಬಿ ಒಬ್ಬರನ್ನು ಬಾಗಿಲಲ್ಲೇ ವಾಪಸ್ ಕಳಿಸುವಷ್ಟು ಗಟ್ಟಿಯೂ ಅಲ್ಲ.

ರಿಪೋರ್ಟ್ ಕೈಗೆ ಸಿಕ್ಕ ಮಕ್ಕಳು ಮಾತ್ರ ಅದನ್ನು ಪೂರ್ತಿ ನಂಬುತ್ತಾರೆ. "ನೋಡಿ ಮೇಡಂ, ನನ್ನ ಬಗ್ಗೆ ಎಷ್ಟು ಕರೆಕ್ಟಾಗಿ ಬರೆದಿದ್ದಾರೆ!" ಅಂತ ತಂದು ತೋರಿಸುತ್ತಾರೆ. ಆಗ ನಾನು ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ಅವರ ಪ್ರಯೋಗ ಹೇಳುತ್ತೇನೆ. 1948ರಲ್ಲಿ ಅವರು ತಮ್ಮ ವಿದ್ಯಾರ್ಥಿಗಳಿಗೆ ಒಂದು ಟೆಸ್ಟ್ ಕೊಟ್ಟು, ಆಮೇಲೆ ಒಬ್ಬೊಬ್ಬರಿಗೂ ಅವರವರ ಸ್ವಭಾವದ ವಿವರಣೆ ಹಂಚಿದರು. ಎಷ್ಟು ಸರಿ ಇದೆ ಅಂತ ಐದಕ್ಕೆ ಅಂಕ ಕೊಡಿ ಅಂದರು. ಸರಾಸರಿ 4.26 ಬಂತು. ಎಲ್ಲರ ಕೈಯಲ್ಲಿದ್ದದ್ದು ಒಂದೇ ಕಾಗದ. ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ ಸಾಲುಗಳು. ಇದನ್ನು ಕೇಳಿದಮೇಲೆ ಮಕ್ಕಳ ಮುಖ ಸ್ವಲ್ಪ ಹಗುರಾಗುತ್ತದೆ. ಕಾಗದ ಹೊಗಳಿದ್ದನ್ನು ಅಷ್ಟು ನಂಬಬೇಕಿಲ್ಲ ಅಂದರೆ ತೆಗಳಿದ್ದನ್ನೂ ನಂಬಬೇಕಿಲ್ಲ ಅಂತ ಅವರಿಗೇ ಹೊಳೆಯುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ಬೇರೆ ಕಡೆ. ಡಿಪ್ರೆಶನ್‌ಗೆ ಮಾತ್ರೆ ತೆಗೆದುಕೊಳ್ಳುವ ಮಕ್ಕಳು ನಮ್ಮಲ್ಲೂ ಇದ್ದಾರೆ. "ದಿನದಲ್ಲಿ ನನ್ನ ಮೂಡ್ ಪದೇ ಪದೇ ಬದಲಾಗುತ್ತದೆ" ಅನ್ನುವ ವಾಕ್ಯ ಕಂಡರೆ ಅವರು ಹೆದರಿಬಿಡುತ್ತಾರೆ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಸುಳ್ಳು ಹೇಳಿದರೆ ಮನಸ್ಸು ಚುಚ್ಚುತ್ತದೆ. ಅಮೆರಿಕದಲ್ಲಿ 2012ರಲ್ಲಿ ಹೀಗೇ ಆಯಿತು. ಬೈಪೋಲಾರ್ ಅನ್ನುವ, ಮೂಡ್ ವಿಪರೀತ ಏರಿಳಿಯುವ ಕಾಯಿಲೆ ಇದ್ದ ಒಬ್ಬ ಕಾಲೇಜು ಹುಡುಗ ಸೂಪರ್‌ಮಾರ್ಕೆಟ್‌ನಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ ಅರ್ಜಿ ಹಾಕಿದ. ಟೆಸ್ಟ್‌ನಲ್ಲಿ ಬಂದದ್ದು ಅವನಿಗೆ ಆಸ್ಪತ್ರೆಯಲ್ಲಿ ಕೇಳಿದ್ದಂಥವೇ ಪ್ರಶ್ನೆಗಳು. ಕೆಲಸ ಸಿಗಲಿಲ್ಲ. ಅದೇ ತರಹದ ಟೆಸ್ಟ್ ಬೇರೆ ಅಂಗಡಿಗಳಲ್ಲೂ ಇತ್ತು, ಅಲ್ಲೂ ಸಿಗಲಿಲ್ಲ. ವಕೀಲರಾಗಿದ್ದ ಅವನ ಅಪ್ಪ ದೂರು ಕೊಟ್ಟರು. ಆ ದೇಶದಲ್ಲಿ ಕೆಲಸದ ಆಫರ್ ಕೊಡುವ ಮುಂಚೆ ವೈದ್ಯಕೀಯ ಪರೀಕ್ಷೆ ಮಾಡಬಾರದು ಅಂತ 1990ರ ಕಾನೂನು ಇದೆ. ಅದನ್ನು ಹಿಡಿದು ಕೇಳಲು ಅವರಿಗೆ ಒಂದು ದಾರಿ ಇತ್ತು. ನಮ್ಮ ಮಕ್ಕಳ ಪರವಾಗಿ ಕೇಳುವವರು ಯಾರು? ಅವರ ಅಪ್ಪ ಅಮ್ಮನಿಗೆ ಇಂಥ ಟೆಸ್ಟ್ ಇದೆ ಅಂತಲೇ ತಿಳಿದಿರುವುದಿಲ್ಲ.

ಮನಸ್ಸನ್ನು ಅಳೆಯುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಒಬ್ಬ ಹುಡುಗ ಸೇನೆಯ ಎಸ್‌ಎಸ್‌ಬಿಗೆ, ಅಂದರೆ ಅಧಿಕಾರಿಗಳನ್ನು ಆರಿಸುವ ಮಂಡಳಿಯ ಮುಂದೆ, ಹೋಗಿ ಬಂದ. ಅಲ್ಲಿ ಪರದೆ ಮೇಲೆ 60 ಪದ ಬರುತ್ತವೆ, ಒಂದೊಂದಕ್ಕೆ 15 ಸೆಕೆಂಡು. ಅಷ್ಟರೊಳಗೆ ಮನಸ್ಸಿಗೆ ಬಂದ ವಾಕ್ಯ ಬರೆಯಬೇಕು. ಚಿತ್ರ ನೋಡಿ ಕಥೆ ಬರೆಯಬೇಕು. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಮೈದಾನದಲ್ಲಿ ಗುಂಪಿನ ಜೊತೆ ಕೆಲಸ ಮಾಡುವುದನ್ನು ಒಬ್ಬರು ನೋಡುತ್ತಾರೆ, ಎದುರು ಕೂತು ಮಾತಾಡುವವರು ಇನ್ನೊಬ್ಬರು, ಬರೆದದ್ದನ್ನು ಓದುವ ಮನಶ್ಶಾಸ್ತ್ರಜ್ಞರು ಬೇರೆ. ಕೊನೆಯ ದಿನ ಎಲ್ಲರೂ ಸೇರಿ ತೀರ್ಮಾನ ಮಾಡುತ್ತಾರೆ. ಮನಸಾ, ವಾಚಾ, ಕರ್ಮಣಾ ಅನ್ನುತ್ತಾರೆ ಅಲ್ಲಿ. ಅವನು ರೆಕಮೆಂಡ್ ಆಗಲಿಲ್ಲ. ಬೇಜಾರಿತ್ತು, ಆದರೆ "ನನ್ನನ್ನು ಪೂರ್ತಿ ನೋಡಿದರು ಮೇಡಂ, ಇನ್ನೊಂದು ಸಲ ಹೋಗ್ತೀನಿ" ಅಂದ. ಸೋತು ಬಂದವನ ಬಾಯಲ್ಲಿ ಈ ಮಾತು ಕೇಳಿದ ಮೇಲೆ ನನ್ನ ಕೆಲಸ ಏನು ಅಂತ ಸ್ಪಷ್ಟವಾಯಿತು.

ಈಗ ಕಂಪನಿ ಬರುವ ಮುಂಚೆ ನಾನು ಮೇಲ್‌ನಲ್ಲಿ ಕೇಳುತ್ತೇನೆ. ಈ ಟೆಸ್ಟ್ ಯಾವ ಗುಣ ಅಳೆಯುತ್ತದೆ, ಆ ಗುಣ ಈ ಕೆಲಸಕ್ಕೆ ಯಾಕೆ ಬೇಕು? ಇದೊಂದರಿಂದಲೇ ಯಾರನ್ನಾದರೂ ತೆಗೆದುಹಾಕುತ್ತೀರಾ? ರಿಪೋರ್ಟ್ ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ನಮ್ಮ 2023ರ ಡೇಟಾ ಸಂರಕ್ಷಣೆ ಕಾನೂನಿನಲ್ಲಿ ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ, ಕನ್ನಡವೂ ಸೇರಿದ ಭಾಷೆಗಳಲ್ಲಿ ಓದುವ ಆಯ್ಕೆ ಕೊಡಬೇಕು ಅಂತಿದೆ. ಅದಕ್ಕೇ ಕನ್ನಡದಲ್ಲಿ ಕೊಡಿ ಅಂತಲೂ ಕೇಳುತ್ತೇನೆ. ಕೆಲವರು ಉತ್ತರಿಸುವುದೇ ಇಲ್ಲ. ಕೆಲವರು "ಇದು ವೆಂಡರ್ ಮಾಡೋದು, ನಮಗೆ ಗೊತ್ತಿಲ್ಲ" ಅನ್ನುತ್ತಾರೆ. ಒಬ್ಬರು ಮಾತ್ರ, ಟೆಸ್ಟ್ ನೋಡಿ ಯಾರನ್ನೂ ಬಿಡುವುದಿಲ್ಲ, ಇಂಟರ್‌ವ್ಯೂನಲ್ಲಿ ಏನು ಕೇಳಬೇಕು ಅಂತ ತಿಳಿಯಲು ಇಟ್ಟುಕೊಳ್ಳುತ್ತೇವೆ ಅಂತ ಬರೆದರು. ಆ ಮೇಲ್ ಅನ್ನು ಪ್ರಿಂಟ್ ಮಾಡಿ ನೋಟಿಸ್ ಬೋರ್ಡ್‌ಗೆ ಹಾಕಿದೆ. ಆ ದಿನ ಟೆಸ್ಟ್ ಬರೆಯಲು ಹೋದ ಮಕ್ಕಳಲ್ಲಿ ಗಾಬರಿ ಇರಲಿಲ್ಲ.

ಮಕ್ಕಳಿಗೆ ಹೇಳುವುದು ಇಷ್ಟು. ಪ್ರಶ್ನೆಯಲ್ಲಿ ಜಾಗ ಹೇಳಿಲ್ಲದಿದ್ದರೆ ನೀವು ಕೆಲಸ ಮಾಡುವ ಜಾಗವನ್ನು ನೆನೆಸಿಕೊಳ್ಳಿ. ಪ್ರಾಜೆಕ್ಟ್ ಮಾಡಿದ್ದು, ಅಂಗಡಿ ನೋಡಿಕೊಂಡದ್ದು, ಎನ್‌ಎಸ್‌ಎಸ್ ಕ್ಯಾಂಪ್ ನಡೆಸಿದ್ದು, ಅಲ್ಲಿ ನೀವು ಹೇಗಿದ್ದಿರೋ ಹಾಗೆ ಉತ್ತರಿಸಿ. ಹಿಂದಿನ ಪ್ರಶ್ನೆಗೆ ಏನು ಒತ್ತಿದ್ದೆ ಅಂತ ಲೆಕ್ಕ ಹಾಕುತ್ತಾ ಕೂರಬೇಡಿ. ಔಷಧಿ, ಕಾಯಿಲೆ ಬಗ್ಗೆ ಕೇಳಿದಂತೆ ಅನಿಸಿದರೆ ಆ ಪ್ರಶ್ನೆ ನೆನಪಿಟ್ಟುಕೊಂಡು ಬಂದು ನನಗೆ ಹೇಳಿ, ನಾನು ಕಂಪನಿಯವರನ್ನು ಕೇಳುತ್ತೇನೆ.

ಇದನ್ನು ಓದುತ್ತಿರುವವರಲ್ಲಿ ಎಚ್‌ಆರ್ ಕೆಲಸದಲ್ಲಿ ಇರುವವರೂ ಇರಬಹುದು. ನಿಮ್ಮಲ್ಲಿ ಒಂದು ವಿನಂತಿ. ಆಯ್ಕೆಯಾಗದವರಿಗೆ ಕಳಿಸುವ ಮೇಲ್‌ನಲ್ಲಿ ಎರಡು ಸಾಲು ಸೇರಿಸಿ: ಈ ಟೆಸ್ಟ್ ಇಂಥ ಕೆಲಸಕ್ಕೆ ಇಂಥ ಗುಣ ನೋಡಲು ಮಾತ್ರ ಮಾಡಿದ್ದು. ಮತ್ತೆ ಅರ್ಜಿ ಹಾಕಬಹುದಾದರೆ ಯಾವಾಗ ಅಂತ ತಾರೀಖು ಬರೆಯಿರಿ.